ಕರಡಿ ಕಂಡ ಬೆಳಗು

ಕರಡಿಧಾಮದವರು ಚಳಿಗಾಲಕ್ಕೆಂದು ಏರ್ಪಡಿಸಿದ್ದ ಬೆಳಗಿನ ನಡಿಗೆಗೆ ಊರ ಮಹಿಳಾ ಸಂಘದವರು ಜೀಪಿನಲ್ಲಿ ಬಂದಿದ್ದರು. ಎಷ್ಟು ಸುತ್ತಿದರೂ ಒಂದು ಕರಡಿಯೂ ಕಾಣಲಿಲ್ಲ. ಚಳಿ ತಡೆಯದ ಕೊಟ್ರಮ್ಮ ಗಂಡನ ಕರಿ ಕಂಬಳಿಯನ್ನು ತಲೆತುಂಬ ಹೊದ್ದು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿತೆಂದು ಒಂದು ಪೊದೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಅಷ್ಟರಲ್ಲಿ ಮುಂದಿನಿಂದ ಗೈಡ್ ಹುಲುಗಪ್ಪನ ಪಿಸುದನಿ ಕೇಳಿಸಿತು.

"ಯಾರೂ ಅಲುಗಾಡಬ್ಯಾಡ್ರಿ. ಆ ಪೊದಿ ಹತ್ರ ಕರಡಿ ಐತಿ."

ಕೊಟ್ರಮ್ಮನ ಜೀವ ಬಾಯಿಗೆ ಬಂತು. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವೂ ಆಗದೆ ಉಸಿರು ಬಿಗಿಹಿಡಿದಳು.

"ಎಷ್ಟ ದೊಡ್ಡದೈತ್ರೀ," ಎಂದಳು ಸಂಘದ ಅಧ್ಯಕ್ಷೆ.

"ಚಲೋ ತಿಂದುಂಡು ಬೆಳದೈತ್ರಿ. ಫೋಟೊ ತಕ್ಕೊಳ್ರಿ."

ಇನ್ನು ಇಲ್ಲಿ ಕೂತರೆ ಉಳಿಗಾಲವಿಲ್ಲ ಎನಿಸಿ ಕೊಟ್ರಮ್ಮ ಎದ್ದು, ಎರಡೂ ಕೈ ಮೇಲೆತ್ತಿ ಅವರತ್ತ ಓಡಿದಳು. ಅವರೆಲ್ಲ ಅವಳಿಗಿಂತ ಜೋರಾಗಿ ಓಡಿದರು. ತನ್ನೊಬ್ಬಳನ್ನೇ ಬಿಟ್ಟು ಹೋಗುತ್ತಿದ್ದಾರಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಕೂಗಬೇಕೆಂದರೆ ಗಂಟಲಿನಿಂದ ಗುರ್ ಎನ್ನುವ ಸದ್ದು ಬಿಟ್ಟು ಬೇರೇನೂ ಹೊರಡಲಿಲ್ಲ. ಅವಳು ತಲುಪುವಷ್ಟರಲ್ಲಿ ಎಲ್ಲರೂ ಜೀಪು ಹತ್ತಿ ಬಾಗಿಲು ಹಾಕಿಕೊಂಡಿದ್ದರು.

"ಹೆದರಬ್ಯಾಡ್ರವ್ವಾ," ಎಂದು ಒಳಗೆ ಹುಲುಗಪ್ಪ ನಡುಗುತ್ತಲೇ ಸಮಾಧಾನ ಹೇಳುತ್ತಿದ್ದ. "ಕರಡಿಗೆ ಜೀಪಿನ ಬಾಗಲಾ ತಗಿಯಾಕ ಬರಂಗಿಲ್ಲ."

ಕೊಟ್ರಮ್ಮ ಬಾಗಿಲು ತೆಗೆದು ಒಳಗೆ ಕೂತು, "ಲಗೂನ ಬಿಡೋ ಯಪ್ಪಾ, ಹಿಂದನ ಬರಾಕತ್ತೈತಿ," ಎಂದಳು.