ನಾಲ್ಕನೆಯ ಸಾಲು

ಸರ್ರನೆ ಪೆನ್ಸಿಲ್ ಎಳೆದ ಸದ್ದು. ರಾತ್ರಿ ಹನ್ನೊಂದಕ್ಕೆ, ತಿದ್ದಿದ ಕರಡು ಬರಲೆಂದು ಕಾದು ನಿಂತಿದ್ದ ಅಚ್ಚಿನ ಯಂತ್ರದ ಪಕ್ಕದಲ್ಲಿ ಅದೊಂದೇ ಕೇಳಿಸಿತು. ಹೊಲಿಗೆ ಕಾರ್ಖಾನೆಯ ಹೆಂಗಸರ ಸಂಘದ ಮುಖಂಡೆ ಸ್ಟೂಲಿನಿಂದ ಎದ್ದೇಬಿಟ್ಟಳು.

"ಮತ್ತೇನು ಸಿಕ್ತು ನಿನಗೆ?"

"ನಾಲ್ಕನೇ ಸಾಲು, ಅಕ್ಕ," ಎಂದಳು ಕರಡು ತಿದ್ದುವವಳು.

ಬೆಳಗಿನ ಪಾಳಿಗೆ ಗೇಟಿನಲ್ಲಿ ಹಂಚಬೇಕಾದ ಕರಪತ್ರ ಅದು. ಈ ಸಲದ ಚುನಾವಣೆಯಲ್ಲಿ ಒಂದೇ ಕ್ಷೇತ್ರಕ್ಕೆ ನಿಂತಿರುವ ಇಬ್ಬರು ಹಾಲಿ ಶಾಸಕರು, ದುಡಿಯುವ ಹೆಂಗಸರ ಐದು ಮಸೂದೆಗಳು, ಯಾರು ಯಾವುದಕ್ಕೆ ಹೇಗೆ ಮತ ಹಾಕಿದರೆಂಬ ಕೋಷ್ಟಕ. ನಾಲ್ಕನೆಯದು ರಾತ್ರಿ ಪಾಳಿಯವರನ್ನು ಮನೆ ಮುಟ್ಟಿಸುವ ವಾಹನದ್ದು.

"ಇದಕ್ಕೆ ಶಾಸಕಿ 'ಪರ' ಅಂತ ಹಾಕಿದ್ದೀರಿ. ಸದನದ ವರದಿಯಲ್ಲಿ 'ಗೈರು' ಅಂತಿದೆ."

"ಮುಕ್ಕಾಲು ಗಂಟೆ ಮಾತಾಡಿದ್ಲು ಕಣಮ್ಮ. ನಾವು ಹನ್ನೆರಡು ಜನ ಗ್ಯಾಲರಿಯಲ್ಲಿ ಕೂತು ಕೇಳಿದ್ದೀವಿ."

"ಮಾತಾಡಿದ್ದು ಇದೆ. ಮತ ಹಾಕಿದ್ದಿಲ್ಲ."

ಮುಖಂಡೆ ವರದಿಯ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. "ಹಾಗಾದ್ರೆ ಎದುರಿಗೆ ನಿಂತಿರೋ ಆ ಗೊಣಗಪ್ಪಂಗೆ ಐದಕ್ಕೆ ಐದು, ನಮ್ಮವಳಿಗೆ ನಾಲ್ಕಾ? ನಗೆಪಾಟಲಾಯ್ತಲ್ಲ."

"ನಾವು ಬರೀದಿದ್ರೆ ಅವನ ಕಡೆಯವರು ಬರೀತಾರೆ. ಒಂದು ಸಾಲು ಸುಳ್ಳು ಅಂತ ಗೊತ್ತಾದ್ರೆ ಉಳಿದ ನಾಲ್ಕನ್ನೂ ಯಾರೂ ನಂಬಲ್ಲ ಅಕ್ಕ." ಅವಳ ದನಿ ಏರಲಿಲ್ಲ, ಪೆನ್ಸಿಲೂ ಆ ಸಾಲಿನಿಂದ ಕದಲಲಿಲ್ಲ.

"ಹಾಕು, ಗೈರು ಅಂತಲೇ ಹಾಕು." ಮುಖಂಡೆಗೆ ಈಗ ಸಿಟ್ಟು ತಿರುಗಿದ್ದು ಬೇರೆ ಕಡೆಗೆ. "ಒಂದೇ ಒಂದು ಮತದಲ್ಲಿ ಬಿದ್ದುಹೋಯ್ತು ಆ ಮಸೂದೆ. ಸಮ ಆಗಿದ್ರೂ ಸಾಕಿತ್ತು, ಸಭಾಧ್ಯಕ್ಷರ ಮತ ನಮ್ಮ ಕಡೆಗೇ ಬೀಳ್ತಿತ್ತು. ನನ್ನ ತಂಗಿ ಇವತ್ತಿಗೂ ರಾತ್ರಿ ಒಂದಕ್ಕೆ ನಡ್ಕೊಂಡೇ ಬರ್ತಾಳೆ. ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋಗಿದ್ಲೋ ಮಹಾತಾಯಿ."

ಬೈಯುತ್ತಲೇ ಚೀಲದಿಂದ ಒಂದು ಫೋಟೊ ತೆಗೆದು ಕೊಟ್ಟಳು. "ಇದು ಹಿಂದಿನ ಪುಟಕ್ಕೆ. ಅವತ್ತಿನದೇ. ಭಾಷಣ ಮುಗಿದದ್ದೇ ತಡ, ಅವಳನ್ನ ಹೊರಗೆ ಮೊಗಸಾಲೆಗೆ ಎಳ್ಕೊಂಡು ಬಂದು ತೆಗೆಸ್ಕೊಂಡ್ವಿ."

ಹನ್ನೆರಡು ಹೆಂಗಸರು ಹಲ್ಲು ಕಾಣುವಂತೆ ನಗುತ್ತಿದ್ದರು. ನಡುವೆ ಶಾಸಕಿ, ಅವಳ ತೋಳನ್ನು ಮುಖಂಡೆ ಎರಡೂ ಕೈಯಿಂದ ಅಪ್ಪಿ ಹಿಡಿದಿದ್ದಳು. ತಲೆಗಳ ಮೇಲೆ ಗೋಡೆ ಗಡಿಯಾರ. ಐದು ಗಂಟೆ ಹತ್ತು ನಿಮಿಷ.

ಕರಡು ತಿದ್ದುವವಳು ವರದಿಯನ್ನು ಮತ್ತೊಮ್ಮೆ ನೋಡಿದಳು. ಮತ ಎಣಿಸಲು, ಮತ್ತೆ ಯಾರನ್ನೂ ಒಳಗೆ ಬಿಡದಂತೆ, ಸದನದ ಬಾಗಿಲು ಮುಚ್ಚಿದ್ದು ಐದು ಗಂಟೆ ಹತ್ತು ನಿಮಿಷಕ್ಕೆ.

"ಯಾಕೆ, ಚೆನ್ನಾಗಿ ಬಂದಿಲ್ವಾ?"

ಶಾಸಕಿ ಗೈರಾಗಿದ್ದಳೆಂಬುದು ಇಡೀ ಊರಿಗೆ ತಿಳಿಯಬೇಕಾದ್ದು. ಈ ಗಡಿಯಾರ ಹೇಳುವುದು ಯಾರಿಗೂ ಅಲ್ಲ. ತಂಗಿ ಬರುವವರೆಗೆ ಬಾಗಿಲಲ್ಲಿ ನಿಂತು ಕಾಯುವ ಈ ಅಕ್ಕನಿಗಂತೂ ಅಲ್ಲವೇ ಅಲ್ಲ.

"ಚೆನ್ನಾಗಿದೆ ಅಕ್ಕ. ಮೇಲೆ ಜಾಗ ಜಾಸ್ತಿ ಆಯ್ತು ಅಷ್ಟೆ," ಎನ್ನುತ್ತ ಅವಳು ಅಳತೆಪಟ್ಟಿ ಇಟ್ಟು, ಎಲ್ಲರ ತಲೆಗೂದಲಿಗೆ ತಾಗುವಷ್ಟು ಕೆಳಗೆ, ನೇರವಾಗಿ ಕತ್ತರಿಸಿದಳು.