ಎದುರಾಳಿಯಿಲ್ಲದ ಪಟ್ಟು

"ಮುಖ ನಂದೇ. ಮುರುಟಿದ ಕಿವಿನೂ ನಂದೇ. ಆದ್ರೆ ಇದು ನಾನಲ್ಲ," ಎಂದು ವೆರ್ನರ್ ಗೆರ್ಬರ್ ಚಿತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು.

ಕಾಫಿ ಬಗ್ಗಿಸುತ್ತಿದ್ದ ಚಿತ್ರಗಾರ್ತಿ ಲಿಸ್ಬೆತ್‌ಳ ಕೈ ಅಲ್ಲೇ ನಿಂತಿತು. ಅವರು ಬೇಡವೆಂದದ್ದು ಇದು ಮೂರನೆಯ ಸಲ. ಎಮ್ಮೆಂಟಾಲ್ ಕಣಿವೆಯ ಹಳೆಯ ಜಟ್ಟಿಗಳನ್ನು, ಮರದ ಹೊಟ್ಟು ಹರವಿದ ಅಖಾಡದಲ್ಲಿ ಹೆಸರು ಮಾಡಿದವರನ್ನು, ಇಸ್ಪೀಟಿನಂಥ ಒಂದು ಕಾರ್ಡಿನಾಟದ ಚಿತ್ರಗಳಾಗಿ ಅಚ್ಚು ಹಾಕಿಸುತ್ತಿದ್ದ ಕಂಪನಿಯದು ಒಂದೇ ಕರಾರು: ಆಯಾ ಜಟ್ಟಿ ತನ್ನ ಚಿತ್ರಕ್ಕೆ ಹೂಂ ಅನ್ನಬೇಕು. ಉಳಿದವರೆಲ್ಲ ಅಂದಿದ್ದರು. ಗೆರ್ಬರ್ ಇವತ್ತೂ ಒಪ್ಪದಿದ್ದರೆ ಇಡೀ ಕೆಲಸವನ್ನೇ ಬೇರೆ ಚಿತ್ರಗಾರರಿಗೆ ಕೊಡುವುದಾಗಿ ಕಂಪನಿಯವರು ನಿನ್ನೆ ಫೋನಿನಲ್ಲಿ ಮೆತ್ತಗೆ ತಿಳಿಸಿದ್ದರು. ಗಂಡ ಎರ್ವಿನ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ಜನ ಅಂತ ಇದ್ದವರು ಗೋಡೆಗೆ ಅಂಟಿಸಿದ ಈ ಜಟ್ಟಿಗಳೇ. ಬೆಳಿಗ್ಗೆ ಅವರೊಡನೆ ಒಂದೆರಡು ಮಾತಾಡಿಯೇ ಲಿಸ್ಬೆತ್ ಒಲೆ ಹಚ್ಚುತ್ತಿದ್ದಳು.

"ಏನು ತಪ್ಪಾಗಿದೆ ಹೇಳಿ, ತಿದ್ದಿಕೊಡ್ತೀನಿ."

"ಅದೇ ಬರಲ್ಲಮ್ಮ ನಂಗೆ ಹೇಳೋಕೆ." ಗೆರ್ಬರ್ ಕನ್ನಡಕವನ್ನು ಮೂಗಿನ ಮೇಲೇರಿಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು. "ಸಂತೆ ಮುಗಿಸ್ಕೊಂಡು, ಚೀಲ ಹಿಡ್ಕೊಂಡು, ಬಸ್ಸಿಗೆ ಕಾಯ್ತಿರೋ ಹಾಗಿದೀನಿ. ನಮ್ಮನೆಯವಳು ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು."

ತೊಡಕೇನೆಂದು ಲಿಸ್ಬೆತ್‌ಗೂ ಸ್ವಲ್ಪ ಗೊತ್ತಿತ್ತು. ಆಟದಲ್ಲಿ ಯಾವುದೇ ಎರಡು ಕಾರ್ಡನ್ನು ಪಕ್ಕಪಕ್ಕ ಇಟ್ಟರೂ ಇಬ್ಬರು ಒಬ್ಬರನ್ನೊಬ್ಬರು ಹಿಡಿದಂತೆ ಕಾಣಬೇಕು. ಹಾಗಾಗಿ ಒಂದು ಕಾರ್ಡಿಗೆ ಒಬ್ಬನೇ. ಬಾಗಿದ ಬೆನ್ನು, ಚಾಚಿದ ತೋಳು, ಬಿಗಿದ ಮುಷ್ಟಿ. ಮುಷ್ಟಿಯೊಳಗೆ ಏನೂ ಇಲ್ಲ. ಹಳೆಯ ಫೋಟೋ ನೋಡಿ ಬರೆಯೋಣವೆಂದರೆ, ಹೆಣೆದುಕೊಂಡ ಎರಡು ಮೈಗಳಲ್ಲಿ ಯಾವ ತೋಳು ಯಾರದೆಂದೇ ತಿಳಿಯುತ್ತಿರಲಿಲ್ಲ.

"ನನ್ನ ಎದುರಿಗೆ ಯಾರನ್ನ ನಿಲ್ಲಿಸ್ಕೊಂಡು ಬರೆದೆ?"

"ಕುರ್ಚೀನ."

"ಕುರ್ಚಿ?"

ಅವಳು ಮೂಲೆಗೆ ಕೈ ತೋರಿದಳು. ಮರದ ಕುರ್ಚಿಯೊಂದಕ್ಕೆ, ಎದುರಾಳಿಗೆ ಹಿಡಿತ ಸಿಗಲೆಂದೇ ಜಟ್ಟಿಗಳು ಪ್ಯಾಂಟಿನ ಮೇಲೆ ತೊಡುವ, ಗೋಣಿಯಂಥ ದಪ್ಪ ಬಟ್ಟೆಯ ಕುಸ್ತಿ ಚಡ್ಡಿ ತೊಡಿಸಿ, ಸೊಂಟಪಟ್ಟಿ ಬಿಗಿದಿತ್ತು. "ಮುಂಚೆ ಯಾವ ಚಿತ್ರ ಆದ್ರೂ ಎರ್ವಿನ್ ನಿಲ್ತಿದ್ದ. ಬೈಕೊಂಡೇ ನಿಲ್ತಿದ್ದ. ಈಗ ಅದನ್ನ ಹಿಡ್ಕೊಂಡು ಕನ್ನಡೀಲಿ ನೋಡ್ಕೊತೀನಿ."

"ಹಾಗಾದ್ರೆ ಉಳಿದವರು?"

"ಎಲ್ರೂ ಕುರ್ಚಿ ಜೊತೇನೇ. ಅವ್ರು ಮುಖ ನೋಡಿ ಹೂಂ ಅಂದ್ರು."

ಗೆರ್ಬರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಮಾರಾಯ್ತಿ! ಈ ಕಣಿವೆಯ ಅಷ್ಟೂ ಪೈಲ್ವಾನರನ್ನ ಕುರ್ಚಿ ಜೊತೆ ಕುಸ್ತಿಗೆ ಬಿಟ್ಟಿದೀಯಲ್ಲ! ಅವ್ರಿಗೆ ಹೇಳಿಬಿಟ್ಟೀಯ, ಜೋಕೆ." ನಗು ತಾನಾಗಿ ಇಳಿಯಿತು. ಅವರು ಕುರ್ಚಿಯನ್ನೂ ಅವಳನ್ನೂ ಒಂದು ಗಳಿಗೆ ನೋಡಿದರು. "ಆ ಚಡ್ಡಿ ತೆಗೆದು ಹಾಕ್ಕೋ."

"ನಾನಾ?"

"ಕುರ್ಚೀನೇ ಹಾಕ್ಕೊಂಡಿದೆ, ನಿಂಗೇನು?"

ಲಿಸ್ಬೆತ್ ತನ್ನ ಪ್ಯಾಂಟಿನ ಮೇಲೇ ಅದನ್ನು ಎಳೆದುಕೊಂಡಳು. ಗೆರ್ಬರ್ ಕೋಟು ಬಿಚ್ಚಿಟ್ಟು, ಪದ್ಧತಿಯಂತೆ ಮೊದಲು ಕೈಕುಲುಕಿದರು. "ನನ್ನ ಬಲಗೈ ನಿನ್ನ ಬೆನ್ನ ಹಿಂದಿನ ಪಟ್ಟಿಗೆ, ಎಡಗೈ ಚಡ್ಡಿಯ ಅಂಚಿಗೆ. ನೀನು ನನ್ನ ಬೆಲ್ಟು ಹಿಡ್ಕೋ. ತಲೆ ನನ್ನ ಭುಜಕ್ಕೆ ಒತ್ತು. ಎಂಥ ಸಂಕೋಚ, ಎಪ್ಪತ್ತು ದಾಟಿದೋನು ನಾನು. ಹೂಂ, ಈಗ ತಳ್ಳು."

ಅವಳು ತಳ್ಳಿದಳು. ಅತ್ತಲಿಂದಲೂ ಒಂದು ಭಾರ ಬಂದು ಅವಳ ಭುಜಕ್ಕೆ ಕೂತಿತು, ಬೆಚ್ಚಗಿನ, ಉಸಿರಾಡುವ ಭಾರ. ಅಂಗಿಯಿಂದ ಸಾಬೂನಿನ ವಾಸನೆ, ಅದರಡಿಯಲ್ಲಿ ಕೊಟ್ಟಿಗೆಯ ವಾಸನೆ. ಇನ್ನಷ್ಟು ತಳ್ಳಿದಳು. ಹಿಮ್ಮಡಿ ನೆಲ ಬಿಟ್ಟಿತು. ಗೆರ್ಬರ್ ಈಗ ಪಕ್ಕಕ್ಕೆ ಸರಿದರೆ ತಾನು ಮುಗ್ಗರಿಸುವುದು ಖಂಡಿತ, ತಾನು ಸರಿದರೆ ಅವರೂ ಮುಗ್ಗರಿಸುತ್ತಾರೆ ಎಂದು ತಿಳಿಯುತ್ತಲೇ ಅವಳಿಗೆ ತನ್ನ ತಪ್ಪು ಹೊಳೆಯಿತು. ಪಟ್ಟು ಹಿಡಿದವನು ತನ್ನ ಕಾಲಮೇಲೆ ತಾನು ನಿಂತಿರುವುದಿಲ್ಲ. ಅರ್ಧ ಮೈಯನ್ನು ಎದುರಿನವನಿಗೆ ಒಪ್ಪಿಸಿರುತ್ತಾನೆ. ಅವಳು ಬರೆದ ಜಟ್ಟಿಗಳೋ, ಒಬ್ಬೊಬ್ಬರೂ ಒಂಟಿಯಾಗಿ ನೆಟ್ಟಗೆ ನಿಂತುಬಿಟ್ಟಿದ್ದರು.

ಭುಜ ಎಲ್ಲಿ ಇಳಿಯಬೇಕು, ಬೆನ್ನಿನ ಗೆರೆ ಎಷ್ಟು ಮುಂದಕ್ಕೆ ಓಡಬೇಕು, ಕತ್ತು ಹೇಗೆ ಒರಗಬೇಕು ಎಲ್ಲವೂ ಅವಳಿಗೆ ಈಗ ಕಂಡಿತು. ಪೆನ್ಸಿಲು ಹಿಡಿದರೆ ಸಾಕು, ಒಂದೇ ಉಸಿರಿಗೆ ಬರೆದುಬಿಡಬಹುದಿತ್ತು.

"ಹಾಂ, ಇದು ನಾನು," ಎಂದರು ಗೆರ್ಬರ್, ಅವಳ ಕಿವಿಯ ಹಿಂದಿನಿಂದ. "ಇದನ್ನ ಬರಿ, ಕಣ್ಣುಮುಚ್ಚಿ ಹೂಂ ಅಂತೀನಿ. ಸಿಕ್ತಾ?"

ಲಿಸ್ಬೆತ್ ಅವರ ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಇನ್ನೂ ಇಲ್ಲ," ಎಂದಳು.

"ಸಿಗಲಿ ಬಿಡು, ಅವಸರ ಏನಿದೆ? ಮನೇಲಿ ನಂಗೆ ಕಾಯೋರು ಯಾರಿದಾರೆ."

ಮೇಜಿನ ಮೇಲೆ ಕಾಫಿ ಆರಿ ಕೆನೆಗಟ್ಟಿತು. ಇಬ್ಬರ ಹಿಡಿತವೂ ಸಡಿಲಲಿಲ್ಲ. ಅಖಾಡದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ತೀರ್ಪುಗಾರ "ಬಿಡಿ" ಎಂದು ಕೂಗಿರುತ್ತಿದ್ದ.