ಬೆನ್ನಿಗೆ ತಿರುಗಿದ ಕರಡಿಗೆ

ಹಾಲಿನಲ್ಲಿ ನೆನೆದ ಬನ್ನಿನ ವಾಸನೆ ಬಂದರೆ ಈಗಲೂ ನನ್ನ ಕೈ ಕೊರಳಿಗೆ ಹೋಗುತ್ತದೆ.

ವಿಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಸ್ಟೆಲ್ಲಾ ಆಂಟಿ ಬಾಡಿಗೆಗಿದ್ದರು. ಜರ್ಮನಿಯಲ್ಲಿ ನರ್ಸ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನನ್ನೆದುರೇ ನೆನೆದ ಬನ್ನನ್ನು ಹಿಂಡಿ, ಕೊಚ್ಚಿದ ಮಾಂಸದ ಕೈಮಾ, ಈರುಳ್ಳಿ, ಮೊಟ್ಟೆಯೊಂದಿಗೆ ನಾದಿ, ಉಂಡೆ ಕಟ್ಟಿ, ಅಂಗೈಯಲ್ಲಿ ತುಸು ತಟ್ಟಿ ಬೆಣ್ಣೆಯಲ್ಲಿ ಕರಿದರು.

"ಜರ್ಮನ್ನರ ಮನೆ ಉಂಡೆ ಇದು. ನಿನಗಲ್ಲ ಕಣೇ, ನಿಮ್ಮಮ್ಮ ನನ್ನ ಮನೆ ಖಾಲಿ ಮಾಡಿಸ್ತಾರೆ," ಎಂದು ನಕ್ಕು, ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದರು.

ನನ್ನ ಕೊರಳ ಬೆಳ್ಳಿ ಕರಡಿಗೆಯೊಳಗಿನ ಲಿಂಗಕ್ಕೆ ಕಾಣಬಾರದೆಂದು, ಅದನ್ನು ಬೆನ್ನಿಗೆ ತಿರುಗಿಸಿ ಎರಡು ಉಂಡೆ ತಿಂದೆ. ಮೂರಿದ್ದಿರಬಹುದು; ವರ್ಷ ಕಳೆದಂತೆ ನನ್ನ ಲೆಕ್ಕ ಇಳಿಯುತ್ತಾ ಬಂದಿದೆ.

ಕೆಳಗೆ ಬಂದಾಗ ಅಮ್ಮ ಕೇಳಿದಳು, "ಕರಡಿಗೆ ಯಾಕೆ ಬೆನ್ನಿಗೆ ಹೋಗಿದೆ? ಎಲ್ಲಿ, ಬಾಯಿ ತೆಗಿ."

"ಆಂಟೀನೇ ಬಲವಂತವಾಗಿ ತಿನ್ನಿಸಿದ್ರು," ಎಂದೆ.

ಅಮ್ಮ ನನ್ನನ್ನು ದರದರ ಮೇಲಕ್ಕೆ ಎಳೆದೊಯ್ದಳು. ಆಂಟಿ ತಟ್ಟೆ ನೋಡಿದರು, ಆಮೇಲೆ ನನ್ನನ್ನು.

"ಹೌದು, ನಾನೇ ಕೊಟ್ಟೆ. ಮಗೂನ ಹೊಡೀಬೇಡಿ."

"ಈ ತಿಂಗಳೇ ಮನೆ ಖಾಲಿ ಮಾಡಿ," ಎಂದಳು ಅಮ್ಮ.

ನನ್ನ ನಾಲಿಗೆ ಹಲ್ಲಿನ ಸಂದಿಯಲ್ಲಿ ಉಳಿದ ಚೂರನ್ನು ಹುಡುಕುತ್ತಿತ್ತು.